ಸೌಂಡ್ ಮುಟ್ಟಬೇಡಿ: ಸಿಟ್ಟಿನ ಆಲ್ಬಮ್ ಒಂದನ್ನು ಕೇಳುವ ಬಗೆ

ತುಮಕೂರಿನಿಂದ ಬೆಂಗಳೂರಿಗೆ ದಿನಾ ಬೆಳಗಿನ ರೈಲಿನಲ್ಲಿ ಓಡಾಡುತ್ತಿದ್ದ ಕಾಲ. ಗೆಳೆಯನೊಬ್ಬ ಹಿಂದಿನ ರಾತ್ರಿ ಒಂದು ಆಲ್ಬಮ್ ಹೆಸರು ಕಳಿಸಿದ್ದ. "ಕೇಳು ಮಗಾ, ಸುಮ್ನೆ ಕೇಳು" ಅಷ್ಟೇ ಬರೆದಿದ್ದ. ಕ್ಯಾತ್ಸಂದ್ರ ದಾಟಿದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಕಿದೆ. ಏನೂ ಕೇಳಿಸಲಿಲ್ಲ. ಗಿಟಾರಿನ ತಂತಿಯನ್ನು ಅಂಗೈಯಲ್ಲಿ ಅದುಮಿ ಹಿಡಿದು ಯಾರೋ ಟುಕ್ ಟುಕ್ ಅಂತ ತಟ್ಟುತ್ತಿದ್ದರು. ಅದರ ಮೇಲೆ ಒಂದು ಹೆಣ್ಣು ದನಿ, ಮನೆಯವರಿಗೆ ಗೊತ್ತಾಗದ ಹಾಗೆ ಬಾಗಿಲ ಸಂದಿಯಲ್ಲಿ ನಿಂತು ಮಾತಾಡುವ ಹಾಗೆ. ರೈಲಿನ ಸದ್ದು ಬೇರೆ. ಸೌಂಡ್ ಏರಿಸಿದೆ. ಸಾಲಲಿಲ್ಲ. ಪೂರ್ತಿ ಏರಿಸಿದೆ.

ಹಿರೇಹಳ್ಳಿ ಇನ್ನೂ ಬಂದಿರಲಿಲ್ಲ. ಡ್ರಮ್ಸು, ಗಿಟಾರು, ಗಂಟಲು ಮೂರೂ ಒಟ್ಟಿಗೆ ಕಿವಿಗೆ ಬಡಿದವು. ನಾನು ಕೂತಲ್ಲೇ ಎಗರಿದೆ. ಎದುರು ಸೀಟಿನ ಅಕ್ಕ ತೊಡೆ ಮೇಲೆ ಡಬ್ಬಿ ಇಟ್ಟುಕೊಂಡು ಚಿತ್ರಾನ್ನ ತಿನ್ನುತ್ತಿದ್ದರು. ನನ್ನ ಮೊಣಕಾಲು ಡಬ್ಬಿಗೆ ತಾಗಿ ಅರ್ಧ ಚಿತ್ರಾನ್ನ ಅವರ ಸೀರೆ ಮೇಲೆ ಬಿತ್ತು. "ಏನಪ್ಪಾ, ಕರೆಂಟ್ ಹೊಡೀತಾ?" ಅಂದರು. ಪೇಪರ್ ಕೊಟ್ಟೆ, ಸಾರಿ ಅಕ್ಕಾ ಅಂದೆ, ದೊಡ್ಡಬೆಲೆ ಬರುವವರೆಗೂ ಕಿಟಕಿ ಕಡೆಯೇ ನೋಡುತ್ತಾ ಕೂತೆ. ಆ ಆಲ್ಬಮ್ಮನ್ನು ಆಮೇಲೆ ಒಂದು ವರ್ಷ ಮುಟ್ಟಲಿಲ್ಲ.

ಅದು ಪಿಜೆ ಹಾರ್ವಿ ಎಂಬ ಇಂಗ್ಲೆಂಡಿನ ಗಾಯಕಿಯ 'ರಿಡ್ ಆಫ್ ಮಿ'. 1993ರ ಮೇ ತಿಂಗಳಲ್ಲಿ ಬಂದದ್ದು. ಒಟ್ಟು 14 ಹಾಡು, 48 ನಿಮಿಷದ ಆಸುಪಾಸು. ತಾನೇ ಬರೆದು, ತಾನೇ ಗಿಟಾರ್ ಹಿಡಿದು ಹಾಡುವ ಹೆಣ್ಣುಮಗಳ ರಾಕ್ ಆಲ್ಬಮ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಈಗ ನಾನು ಕೊಡುವುದು ಇದನ್ನೇ. ಆದರೆ ಕೇಳುವ ಬಗೆಯನ್ನೂ ಜೊತೆಗೆ ಹೇಳಿ ಕೊಡುತ್ತೇನೆ. ಇಲ್ಲದಿದ್ದರೆ ಚಿತ್ರಾನ್ನ ಚೆಲ್ಲುತ್ತದೆ.

ಮೊದಲು ಇಷ್ಟು ತಿಳಿದಿದ್ದರೆ ಸಾಕು

ಹಾರ್ವಿ ಹುಟ್ಟಿದ್ದು 1969ರಲ್ಲಿ. ಬೆಳೆದದ್ದು ಇಂಗ್ಲೆಂಡಿನ ಡಾರ್ಸೆಟ್ ಎಂಬ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಪ್ಪ ಕಲ್ಲಿನ ಕೆಲಸದವರು. ಶಿರಾ, ಪಾವಗಡದ ಕಡೆಯವರಿಗೆ ಈ ಎರಡೂ ಕಸುಬು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಅಮ್ಮನಿಗೆ ಅಮೆರಿಕದ ಕಪ್ಪು ಜನ ಕಟ್ಟಿದ ಬ್ಲೂಸ್ ಎಂಬ ಹಾಡುಗಾರಿಕೆ ಅಂದರೆ ಪ್ರಾಣ. ಹಾಗಾಗಿ ಹುಡುಗಿಯ ಕಿವಿಗೆ ಮೊದಲಿಂದಲೂ ಬಿದ್ದದ್ದು ಅದೇ. 1992ರಲ್ಲಿ 'ಡ್ರೈ' ಎಂಬ ಮೊದಲ ಆಲ್ಬಮ್ ಬಂತು, ಒಮ್ಮೆಲೇ ಹೆಸರೂ ಬಂತು. ಲಂಡನ್ನಿನ ಬದುಕು ಹಿಡಿಸಲಿಲ್ಲ. ಮೈ ಮನಸ್ಸು ಎರಡೂ ಸೋತು ಊರಿಗೆ ವಾಪಸ್ ಹೋದರು. ಆ ದಿನಗಳ ಆಸುಪಾಸಿನಲ್ಲಿ ಕಟ್ಟಿದ ಹಾಡುಗಳು ಇವು.

ರೆಕಾರ್ಡ್ ಆಗಿದ್ದು 1992ರ ಡಿಸೆಂಬರ್‌ನಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ಕ್ಯಾನನ್ ಫಾಲ್ಸ್ ಹತ್ತಿರದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ. ಆಗ ಹಾರ್ವಿಗೆ 23 ವರ್ಷ. ತಂಡದಲ್ಲಿ ಇದ್ದದ್ದು ಮೂರೇ ಜನ: ಗಿಟಾರ್ ಮತ್ತು ಗಂಟಲಿಗೆ ಹಾರ್ವಿ, ಡ್ರಮ್ಸ್‌ಗೆ ರಾಬ್ ಎಲ್ಲಿಸ್, ಬೇಸ್ ಗಿಟಾರ್‌ಗೆ ಸ್ಟೀವ್ ವಾನ್. ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. ಈ ಆಲ್ಬಿನಿಯ ಬಗ್ಗೆ ಆಮೇಲೆ ಹೇಳುತ್ತೇನೆ. ಅರ್ಧ ಕಥೆ ಅವರದೇ.

ಫೋನನ್ನು ಸರಿ ಮಾಡಿಕೊಳ್ಳಿ

ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ.

ಫೋನಿನ ಮ್ಯೂಸಿಕ್ ಆಪ್‌ಗಳಲ್ಲಿ ಎಲ್ಲ ಹಾಡಿನ ಸೌಂಡನ್ನೂ ಒಂದೇ ಮಟ್ಟಕ್ಕೆ ತರುವ ಒಂದು ಸೆಟ್ಟಿಂಗ್ ಇರುತ್ತದೆ. ಸ್ಪಾಟಿಫೈನಲ್ಲಿ ಅದರ ಹೆಸರು ನಾರ್ಮಲೈಸೇಷನ್. ಅದನ್ನು ಆಫ್ ಮಾಡಿ. ಫೋನ್ ಕಂಪನಿಯವರು ಹಾಕಿರುವ ಬೇಸ್ ಬೂಸ್ಟ್, ಸರೌಂಡ್, ಈಕ್ವಲೈಜರ್ ಇದ್ದರೆ ಅವನ್ನೂ ಆಫ್ ಮಾಡಿ. ಷಫಲ್ ಆಫ್. ನೋಟಿಫಿಕೇಷನ್ ಆಫ್. ಉಚಿತ ಖಾತೆಯಾದರೆ ಹಾಡುಗಳ ನಡುವೆ ಜಾಹೀರಾತು ನುಗ್ಗುತ್ತದೆ. ಮೆಲ್ಲಗೆ ಮುಗಿದ ಹಾಡಿನ ಬೆನ್ನಿಗೆ ಪೇಂಟ್ ಕಂಪನಿಯವರು ಕೂಗಿದರೆ ಎಲ್ಲ ಹೋಯಿತು. ಯಾರ ಹತ್ತಿರವಾದರೂ ಸಿಡಿ ಇದ್ದರೆ ಎರಡು ದಿನಕ್ಕೆ ಇಸ್ಕೊಳ್ಳಿ.

ಈಗ ಮುಖ್ಯವಾದದ್ದು. ಮೊದಲ ಹಾಡಿನಿಂದ ಸೌಂಡ್ ಸೆಟ್ ಮಾಡಬೇಡಿ. ಎಂಟನೇ ಹಾಡಿಗೆ ಹೋಗಿ, 'ಫಿಫ್ಟಿ ಫೂಟ್ ಕ್ವೀನಿ' ಅಂತ. ಎರಡೂವರೆ ನಿಮಿಷವೂ ಇಲ್ಲದ, ಮೊದಲಿಂದ ಕೊನೆವರೆಗೂ ಅಬ್ಬರದ ಹಾಡು. ಅದು ಕಿವಿಗೆ ನೋವಾಗದೆ, ಆದರೆ ಎದೆಗೆ ತಾಗುವಷ್ಟು ಕೇಳಿಸಬೇಕು. ಆ ಮಟ್ಟಕ್ಕೆ ಸೌಂಡ್ ನಿಲ್ಲಿಸಿ. ಆಮೇಲೆ ಒಂದನೇ ಹಾಡಿಗೆ ವಾಪಸ್ ಬನ್ನಿ. ಇನ್ನು 48 ನಿಮಿಷ ಸೌಂಡ್ ಮುಟ್ಟುವ ಹಾಗಿಲ್ಲ.

ಮೊದಲ ಹಾಡು ಕೇಳಿಸುವುದೇ ಇಲ್ಲವಲ್ಲಾ ಅನಿಸುತ್ತದೆ. ಅನಿಸಲಿ. ನಾನು ರೈಲಿನಲ್ಲಿ ಮಾಡಿದ ತಪ್ಪು ಅದೇ. ಹಾಡನ್ನು ನನ್ನ ಹತ್ತಿರಕ್ಕೆ ಎಳೆದೆ. ಇಲ್ಲಿ ನಾವೇ ಹಾಡಿನ ಹತ್ತಿರಕ್ಕೆ ಹೋಗಬೇಕು. ಮೆಲ್ಲಗೆ ಮಾತಾಡುವವರ ಮುಂದೆ ನಾವು ತಲೆ ಬಗ್ಗಿಸುವುದಿಲ್ಲವೇ, ಹಾಗೆ. ಹಾಗೆ ಬಗ್ಗಿದವರ ಕೆನ್ನೆಗೇ ಏಟು ಬೀಳುವುದು. ಅದು ಬೇಕೆಂದೇ ಮಾಡಿದ್ದು.

ಜಾಗ, ಹೊತ್ತು

ರೈಲು ಬೇಡ. ಬಸ್ಸು ಬೇಡವೇ ಬೇಡ. ಬಿ.ಎಚ್. ರಸ್ತೆ ಕಡೆಗೆ ಕಿಟಕಿ ಇರುವ ಕೋಣೆಯೂ ಬೇಡ. ಫ್ಯಾನಿನ ಸದ್ದಿಗೇ ಮೊದಲ ಒಂದು ನಿಮಿಷ ಮುಳುಗಿಹೋಗುತ್ತದೆ. ರಾತ್ರಿ ಹತ್ತರ ಮೇಲೆ, ಕುಕ್ಕರ್ ಸೀಟಿ, ಸೀರಿಯಲ್ಲು ಎಲ್ಲ ಮುಗಿದ ಮೇಲೆ ಮಹಡಿಗೆ ಹೋಗಿ. ಚಾಪೆ ಹಾಸಿಕೊಂಡು ಮಲಗಿ. ಚಳಿಗಾಲವಾದರೆ ಇನ್ನೂ ಒಳ್ಳೆಯದು, ಅಕ್ಕಪಕ್ಕದವರು ಕಿಟಕಿ ಮುಚ್ಚಿರುತ್ತಾರೆ. ನನಗೆ ಈ ಆಲ್ಬಮ್ ಮೊದಲ ಸಲ ದಕ್ಕಿದ್ದು ಕರೆಂಟ್ ಹೋದ ರಾತ್ರಿ. ಇಡೀ ಬೀದಿ ಕತ್ತಲು, ಬೇರೆ ಕೆಲಸ ಇರಲಿಲ್ಲ.

ಮೊದಲ ಸಲ ಕೇಳುವಾಗ ಏನೂ ಮಾಡಬೇಡಿ. ಹಾಡಿನ ಸಾಲು ಹುಡುಕಬೇಡಿ, ಯಾರೋ ಬರೆದ ವಿಮರ್ಶೆ ಓದಬೇಡಿ, ಯಾರಿಗೂ ಮೆಸೇಜ್ ಕಳಿಸಬೇಡಿ. ಪೂರ್ತಿ ಆಗದಿದ್ದರೆ ಏಳನೇ ಹಾಡಿಗೆ ನಿಲ್ಲಿಸಿ, ಕೆಳಗಿಳಿದು ನೀರು ಕುಡಿದು ಬನ್ನಿ. ಸುಸ್ತಾಗುತ್ತದೆ. ಸುಸ್ತಾಯಿತು ಅಂದರೆ ಸರಿಯಾಗಿ ಕೇಳಿದ್ದೀರಿ ಅಂತಲೇ ಲೆಕ್ಕ.

ಎರಡನೇ ಸಲ: ಬರೀ ಡ್ರಮ್ಸ್ ಕೇಳಿ

ಸಿನಿಮಾ ಹಾಡು ಕೇಳಿ ಬೆಳೆದ ನಮಗೆ ಗಂಟಲು ಮುಂದೆ, ವಾದ್ಯ ಹಿಂದೆ. ಗಾಯಕಿ ನಮ್ಮ ಕಿವಿಯ ಪಕ್ಕದಲ್ಲೇ ಇರುತ್ತಾರೆ, ಉಳಿದವರೆಲ್ಲ ಗೋಡೆಗೆ ಒರಗಿ ನಿಂತಿರುತ್ತಾರೆ. ಇಲ್ಲಿ ಉಲ್ಟಾ. ಹಾರ್ವಿಯ ದನಿ ಎಷ್ಟೋ ಕಡೆ ಡ್ರಮ್ಸ್, ಗಿಟಾರಿನ ಹಿಂದೆ ಸಿಕ್ಕಿಹಾಕಿಕೊಂಡಿದೆ. "ಮಿಕ್ಸಿಂಗ್ ಸರಿ ಇಲ್ಲ ಕಣೋ" ಅಂತ, ಅಂದರೆ ಯಾವ ಸದ್ದು ಎಷ್ಟು ಅಂತ ಬೆರೆಸಿದ್ದೇ ತಪ್ಪು ಅಂತ, ನನ್ನ ತಮ್ಮ ಒಂದೇ ಮಾತಲ್ಲಿ ತೀರ್ಪು ಕೊಟ್ಟಿದ್ದ. ಆಲ್ಬಮ್ ಬಂದಾಗಲೂ ಈ ದೂರು ಹೇಳಿದವರಿದ್ದರು.

ಹಾಗೆ ಕೇಳಿಸಲು ಕಾರಣ ಆಲ್ಬಿನಿ. ಆಲ್ಬಮ್ ಮೇಲೆ 'ಪ್ರೊಡ್ಯೂಸರ್' ಅಂತ ಹಾಕಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ರೆಕಾರ್ಡ್ ಮಾಡಿದ್ದೇನೆ, ಅಷ್ಟೇ ಅನ್ನುತ್ತಿದ್ದರು. ರಾಯಲ್ಟಿ, ಅಂದರೆ ಮಾರಾಟದಲ್ಲಿ ಪಾಲು, ಬೇಡ, ಪ್ಲಂಬರ್‌ಗೆ ಕೊಡುವ ಹಾಗೆ ಕೆಲಸಕ್ಕೆ ಇಷ್ಟು ಅಂತ ಕೂಲಿ ಕೊಡಿ ಅಂತ ಅಮೆರಿಕದ ನಿರ್ವಾಣ ಎಂಬ ರಾಕ್ ತಂಡಕ್ಕೆ ಕಾಗದ ಬರೆದಿದ್ದರು. ಹಾರ್ವಿಯ ಕೆಲಸ ಮುಗಿದ ಎರಡೇ ತಿಂಗಳಲ್ಲಿ, 1993ರ ಫೆಬ್ರವರಿಯಲ್ಲಿ, ಅದೇ ಸ್ಟುಡಿಯೋದಲ್ಲಿ ನಿರ್ವಾಣದ ಆಲ್ಬಮ್ಮನ್ನೂ ಅವರೇ ರೆಕಾರ್ಡ್ ಮಾಡಿದರು. 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಅವರ ಪದ್ಧತಿ ಸರಳ. ತಂಡದವರು ಒಟ್ಟಿಗೆ ನುಡಿಸಬೇಕು. ಮೈಕನ್ನು ಡ್ರಮ್ಮಿನ ಹತ್ತಿರ ಇಟ್ಟರೆ ಸಾಲದು, ಕೋಣೆಯ ದೂರದ ಮೂಲೆಯಲ್ಲೂ ಇಡಬೇಕು. ಆಗ ಡ್ರಮ್ಮಿನ ಏಟಿನ ಜೊತೆ ಆ ಏಟು ಗೋಡೆಗೆ ಬಡಿದು ವಾಪಸ್ ಬರುವ ಸದ್ದೂ ಟೇಪಿಗೆ ಸೇರುತ್ತದೆ. ನಮಗೆ ಡ್ರಮ್ಸ್ ಮಾತ್ರ ಅಲ್ಲ, ಆ ಕೋಣೆಯೂ ಕೇಳಿಸುತ್ತದೆ.

ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಜಾತ್ರೆ ನೆನಪು ಮಾಡಿಕೊಳ್ಳಿ. ದೇವರು ಹೊರಡುವ ಮುಂಚೆ ತಮಟೆಯವರು ಪಕ್ಕದಲ್ಲಿ ಒಂದಿಷ್ಟು ಹುಲ್ಲು, ತರಗು ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ ನೋಡುತ್ತಾರೆ. ಸಾಲದು, ಮತ್ತೆ ಕಾಯಿಸುತ್ತಾರೆ. ಕಾದಷ್ಟೂ ಚರ್ಮ ಬಿಗಿಯುತ್ತದೆ, ಬಿಗಿದಷ್ಟೂ ಸದ್ದು ಚುರುಕಾಗುತ್ತದೆ. ಮಕ್ಕಳಾಗಿದ್ದಾಗ ನಮಗೆ ಕುಣಿತಕ್ಕಿಂತ ಆ ಕಾಯಿಸುವ ಹೊತ್ತೇ ಭಯ ಹುಟ್ಟಿಸುತ್ತಿತ್ತು. ಈಗ ಬಾರಿಸುತ್ತಾರೆ, ಈಗ ಬಾರಿಸುತ್ತಾರೆ ಅಂತ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಆಮೇಲೆ ಮೊದಲ ಏಟು ಬಿದ್ದಾಗ ಅದು ತಮಟೆಯಿಂದ ಮಾತ್ರ ಬರುವುದಿಲ್ಲ. ಗುಡಿಯ ಗೋಡೆಯಿಂದ, ಎದುರು ಮನೆಯ ಜಗಲಿಯಿಂದ, ನಮ್ಮ ಪಕ್ಕೆಲುಬಿನಿಂದ ಬರುತ್ತದೆ. ಹಾಡುವವರ ದನಿ ಅದರ ಹಿಂದೆಲ್ಲೋ ಅರ್ಧ ಮುಚ್ಚಿಹೋಗಿರುತ್ತದೆ. ಅಲ್ಲಿ ಯಾರೂ ಮಿಕ್ಸಿಂಗ್ ಸರಿ ಇಲ್ಲ ಅನ್ನುವುದಿಲ್ಲ.

(ತಮಟೆ ಅಂದರೆ ಸುಮ್ನೆ ಗದ್ದಲ ಅನ್ನುವವರು ಇನ್ನೂ ಇದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದಿದೆ. ಅವರಿಗೆ ಅದನ್ನು ನೆನಪಿಸಿ.)

'ರಿಡ್ ಆಫ್ ಮಿ' ಎಂಬ ಮೊದಲ ಹಾಡಿನ ಶುರುವೆಲ್ಲ ತಮಟೆ ಕಾಯಿಸುವ ಹೊತ್ತು. ಎರಡನೇ ಸಲ ಕೇಳುವಾಗ ಡ್ರಮ್ಸ್ ಯಾವಾಗ ಒಳಗೆ ಬರುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ ಅಂತ ಮಾತ್ರ ಗಮನಿಸಿ. ಏಟಿಗಿಂತ ಏಟು ತಡೆದದ್ದು ಎಲ್ಲಿ ಅಂತ ನೋಡಿ. ನಾಲ್ಕನೇ ಹಾಡು 'ರಬ್ ಟಿಲ್ ಇಟ್ ಬ್ಲೀಡ್ಸ್' ಇದಕ್ಕೆ ಇನ್ನೂ ಒಳ್ಳೆಯ ಪಾಠ. ತಲೆ ನೀವುತ್ತೇನೆ ಬಾ ಅಂತ ಲಾಲಿಯ ಹಾಗೆ ಶುರುವಾಗುತ್ತದೆ. ಆ ಕೈಯನ್ನು ನಂಬಬೇಡಿ.

ಮೂರನೇ ಸಲ: ಗಂಟಲು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಈ ಬಗೆಯ ಆಲ್ಬಮ್‌ಗಳ ಬಗ್ಗೆ ಜನ ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ.

ಹಸಿ ಹಸಿ ಭಾವನೆ, ಮನಸ್ಸಿಗೆ ಬಂದದ್ದನ್ನೆಲ್ಲ ಕಾರಿಕೊಂಡಿದ್ದಾಳೆ, ಹುಡುಗಿಗೆ ತಡೆಯಲಾಗಲಿಲ್ಲ ಪಾಪ ಅನ್ನುವ ಮಾತುಗಳು ಬರುತ್ತವೆ. ಗಂಡಸರು ಕೂಗಿ ಹಾಡಿದರೆ ಕಲೆ, ಹೆಂಗಸರು ಕೂಗಿದರೆ ಕಣ್ಣೀರು. ನನಗೂ ಹಾಗೇ ಅನಿಸಿತ್ತು. ಬಿಡಿಸಿದ್ದು ನಮ್ಮ ಚಿಕ್ಕಮ್ಮ.

ಗುಬ್ಬಿ ಕಡೆಯ ನಮ್ಮ ಊರಿನಲ್ಲಿ ಅಜ್ಜಿ ತೀರಿಕೊಂಡಾಗ ಚಿಕ್ಕಮ್ಮ ಹಾಡಿಕೊಂಡು ಅತ್ತರು. ನಿಮ್ಮ ಕಡೆಯೂ ಇದ್ದೀತು. ಹೆಣದ ತಲೆದೆಸೆ ಕೂತು, ಸೆರಗು ಬಾಯಿಗಿಟ್ಟು, "ಹಸೀನ ಯಾರ್ ಕೈಲಿ ಬಿಟ್ಟೋದೆ ನಮ್ಮವ್ವಾ, ಹಿತ್ಲ ಬಾಗ್ಲು ಯಾರು ತೆಗೀತಾರೆ ನಮ್ಮವ್ವಾ" ಅಂತ. ಒಂದೊಂದು ಸಾಲಿಗೂ ಅದೇ ಎಳೆತ, ಕೊನೆಗೆ ಅದೇ ಇಳಿತ. ನಡುವೆ ಅಜ್ಜಿಯನ್ನು ಬೈದರು. ನನಗೆ ಓಲೆ ಕೊಡ್ತೀನಿ ಅಂದು ಕೊಡಲಿಲ್ಲ ಅಂತ ಲೆಕ್ಕ ಕೇಳಿದರು. ಕೂತಿದ್ದವರಲ್ಲಿ ಯಾರು ಅಜ್ಜಿಯನ್ನು ಕೊನೆಗಾಲದಲ್ಲಿ ನೋಡಿಕೊಳ್ಳಲಿಲ್ಲವೋ ಅವರಿಗೆ ತಾಗುವ ಹಾಗೆ ಎರಡು ಸಾಲು ಬಿಟ್ಟರು. ನಮ್ಮ ದೊಡ್ಡಪ್ಪ ಎದ್ದು ಹೊರಗೆ ಹೋದರು.

ಅಷ್ಟರಲ್ಲಿ ಹೂವಿನವನು ಬಂದ. ಚಿಕ್ಕಮ್ಮ ಅಳು ನಿಲ್ಲಿಸಿ, "ಎಷ್ಟು ಮಾರು ತಂದಿದ್ದೀಯ?" ಅಂತ ಮಾಮೂಲಿ ದನಿಯಲ್ಲಿ ಕೇಳಿ, ದುಡ್ಡು ಕೊಡಿಸಿ, ಮತ್ತೆ ಅದೇ ಶ್ರುತಿಯಲ್ಲಿ ಬಿಟ್ಟ ಸಾಲಿನಿಂದ ಎತ್ತಿಕೊಂಡರು.

ಆ ಅಳು ಸುಳ್ಳಾ? ಅಲ್ಲ. ಚಿಕ್ಕಮ್ಮನಿಗೆ ಒಂದು ತಿಂಗಳು ಊಟ ಸೇರಲಿಲ್ಲ. ಆದರೆ ಅಳುವುದು ಅವರಿಗೆ ಗೊತ್ತಿತ್ತು. ಉಸಿರು ಎಲ್ಲಿ ತೆಗೆಯಬೇಕು, ಯಾವ ಮಾತನ್ನು ಎಳೆಯಬೇಕು, ಯಾವುದನ್ನು ಕಚ್ಚಿ ಬಿಡಬೇಕು ಅಂತ ಗೊತ್ತಿತ್ತು. ದುಃಖ ನಿಜ, ಹಾಡಿಕೆ ಕಲಿತದ್ದು. ಎರಡೂ ಒಟ್ಟಿಗೆ ಇದ್ದದ್ದಕ್ಕೇ ದೊಡ್ಡಪ್ಪ ಎದ್ದು ಹೋದದ್ದು.

ಹಾರ್ವಿಯ ಗಂಟಲನ್ನು ಈ ಕಿವಿಯಿಂದ ಕೇಳಿ. ಪಿಸುಮಾತು, ಗೊಣಗು, ಗುರುಗುಟ್ಟು, ಕಿರುಚು ಅಂತ ಬೇರೆ ಬೇರೆ ದನಿಗಳಿವೆ. ಒಂದರಿಂದ ಇನ್ನೊಂದಕ್ಕೆ ಯಾವ ಸಾಲಿನಲ್ಲಿ ದಾಟುತ್ತಾರೆ ಅಂತ ಪೆನ್ಸಿಲ್ ಹಿಡಿದು ಗುರುತು ಹಾಕಿ. 'ಲೆಗ್ಸ್' ಹಾಡಿನಲ್ಲಿ ಒಂದು ನರಳಿಕೆ ಬರುತ್ತದೆ, ಮಾತೇ ಇಲ್ಲದ್ದು. ಅದು ತಾಳಕ್ಕೆ ಸರಿಯಾಗಿ ಕೂತಿದೆ, ಕೈ ತಟ್ಟಿ ನೋಡಿ. ಮೊದಲ ಹಾಡಿನ ಕೊನೆಯಲ್ಲಿ ವಾದ್ಯವೆಲ್ಲ ನಿಂತು ದನಿ ಮಾತ್ರ ಉಳಿಯುತ್ತದೆ. ಆ ಒಂಟಿ ದನಿಯಲ್ಲೂ ಲಯ ಒಂದಿಷ್ಟೂ ಜಾರುವುದಿಲ್ಲ. ಅದೇ ಹಾಡಿನಲ್ಲಿ ನಡುವೆ ಕೇಳಿಸುವ ಕೀರಲು ದನಿ ಡ್ರಮ್ಮರ್ ಎಲ್ಲಿಸ್‌ದು. ನಾನು ಎಷ್ಟೋ ದಿನ ಅದನ್ನೂ ಹಾರ್ವಿಯದೇ ಅಂದುಕೊಂಡಿದ್ದೆ.

ಹಾಡಿನೊಳಗೆ ಮಾತಾಡುತ್ತಿರುವವರು ಯಾರು?

ಈಗ ಸಾಲುಗಳನ್ನು ಓದಬಹುದು. ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಇಂಗ್ಲಿಷ್ ಕಷ್ಟವಿಲ್ಲ, ಪಿಯುಸಿ ಇಂಗ್ಲಿಷ್ ಸಾಕು. ಒಂದು ಎಚ್ಚರಿಕೆ: ಮೈ, ಆಸೆ, ರಕ್ತ ಎಲ್ಲ ನೇರವಾಗಿ ಬರುತ್ತವೆ. ಮನೆಮಂದಿ ಕೂತಿರುವಾಗ ಸ್ಪೀಕರಿನಲ್ಲಿ ಹಾಕಬೇಡಿ. ಹಾಕಿದರೆ ಆಮೇಲಿನದು ನಿಮ್ಮ ಪಾಡು.

ಒಂದು ಚೀಟಿಯಲ್ಲಿ ಪ್ರತಿ ಹಾಡಿಗೂ ಒಂದೇ ಸಾಲು ಕನ್ನಡದಲ್ಲಿ ಬರೆಯಿರಿ. ಯಾರು, ಯಾರಿಗೆ, ಏನು ಹೇಳುತ್ತಿದ್ದಾರೆ, ಅಷ್ಟೇ. ಮೊದಲ ಹಾಡಿಗೆ ನನ್ನ ಚೀಟಿಯಲ್ಲಿ ಇರುವುದು: "ಬಿಟ್ಟು ಹೋಗುತ್ತಿರುವವನಿಗೆ, ಬಿಡಿಸಿಕೊಳ್ಳೋಕೆ ಆಗಲ್ಲ ಅನ್ನುತ್ತಿದ್ದಾಳೆ. ಬೇಡಿಕೊಳ್ಳುತ್ತಿದ್ದಾಳಾ ಬೆದರಿಸುತ್ತಿದ್ದಾಳಾ ಗೊತ್ತಾಗಲ್ಲ." ಹೀಗೆ 14 ಸಾಲು ಬರೆದರೆ ಒಂದು ಸಂಗತಿ ತಾನೇ ಕಾಣುತ್ತದೆ. ಮಾತಾಡುತ್ತಿರುವವಳು ಒಬ್ಬಳಲ್ಲ.

'ಮಿ-ಜೇನ್' ಹಾಡಿನಲ್ಲಿ ಟಾರ್ಜಾನ್ ಕಥೆಯ ಜೇನ್ ಮಾತಾಡುತ್ತಾಳೆ. ಕಾಡಿನ ಗಂಡನ ಕೂಗಾಟ ಸಾಕಾಗಿದೆ ಅವಳಿಗೆ. 'ಸ್ನೇಕ್' ಎರಡು ನಿಮಿಷವೂ ಇಲ್ಲದ ಹಾಡು. ಅದರಲ್ಲಿ ಬೈಬಲ್ಲಿನ ಈವ್, ಹಾವಿನ ಮಾತು ಕೇಳಿ ಕೆಟ್ಟ ಮೇಲೆ ಆಡಮ್‌ಗೆ ಹೇಳಿಕೊಳ್ಳುತ್ತಿದ್ದಾಳೆ. 'ಫಿಫ್ಟಿ ಫೂಟ್ ಕ್ವೀನಿ'ಯಲ್ಲಿ ಇರುವವಳು 50 ಅಡಿ ಎತ್ತರದ ರಾಣಿ. ತನ್ನ ಅಳತೆ ತಾನೇ ಹೇಳಿಕೊಳ್ಳುತ್ತಾಳೆ, ಹಾಡು ಮುಂದೆ ಹೋದಂತೆ ಅಳತೆಯೂ ಏರುತ್ತದೆ. ಅದನ್ನು ಕೇಳಿ ನಗು ಬರಬೇಕು. ಬರದಿದ್ದರೆ ಮತ್ತೆ ಕೇಳಿ. ಈ ಆಲ್ಬಮ್ಮಿನಲ್ಲಿ ತಮಾಷೆಯೂ ಇದೆ, ಅಳುವವರು ಮಾತ್ರ ಕೇಳಬೇಕು ಅಂತೇನಿಲ್ಲ. 'ಮ್ಯಾನ್-ಸೈಜ್' ಹಾಡಿನಲ್ಲಿ ಗಂಡಸುತನದ ಜಂಬವನ್ನು ಹೆಣ್ಣು ದನಿ ತೊಟ್ಟುಕೊಂಡು ಮೆರೆಯುತ್ತದೆ.

ನಮ್ಮ ತುಮಕೂರು ಸೀಮೆಯವರಿಗೆ ಇದೇನು ಹೊಸದಲ್ಲ. ಮೂಡಲಪಾಯದ ಆಟದಲ್ಲಿ ಮೀಸೆ ಬೋಳಿಸಿಕೊಂಡ ಗಂಡಸು ದ್ರೌಪದಿಯಾಗಿ ಬಂದು ಅತ್ತರೆ ನಾವೂ ಅಳುತ್ತೇವೆ. ಆ ಮನುಷ್ಯ ಬೆಳಿಗ್ಗೆ ರಾಗಿ ಹೊಲಕ್ಕೆ ಹೋಗುವುದನ್ನೂ ನೋಡಿರುತ್ತೇವೆ. ದ್ರೌಪದಿಯ ಕಷ್ಟ ಇವನದೇನಾ ಅಂತ ಯಾರೂ ಕೇಳುವುದಿಲ್ಲ. ಹೆಣ್ಣು ಹಾಡು ಬರೆದರೆ ಮಾತ್ರ ಡೈರಿ ಓದಿದ ಹಾಗೆ ಓದುತ್ತೇವೆ. ಹಾಡಿನ 'ನಾನು' ಎಲ್ಲ ತಾನೇ ಅಂತ ತಿಳಿಯುವುದನ್ನು ಹಾರ್ವಿ ಒಪ್ಪಿದವರಲ್ಲ. ಲಂಡನ್, ಸೋಲು, ವಾಪಸಾತಿ ಅಂತ ನಾನು ಮೇಲೆ ಹೇಳಿದ್ದನ್ನು ಒಂದು ಕಡೆ ಇಟ್ಟುಕೊಂಡಿರಿ, ಆದರೆ ಅದರಿಂದ ಬೀಗ ತೆಗೆಯಲು ಹೋಗಬೇಡಿ.

ಒಂದೇ ಹಾಡು, ಎರಡು ಸಲ

ಇಲ್ಲೊಂದು ಒಳ್ಳೆಯ ಅಭ್ಯಾಸ ಇದೆ, ಆಲ್ಬಮ್ಮೇ ಮಾಡಿಕೊಟ್ಟದ್ದು. 'ಮ್ಯಾನ್-ಸೈಜ್' ಎರಡು ಸಲ ಬರುತ್ತದೆ. ಹತ್ತನೆಯದು ಮೂವರ ತಂಡ ನುಡಿಸಿದ್ದು. ಆರನೆಯದು 'ಮ್ಯಾನ್-ಸೈಜ್ ಸೆಕ್ಸ್‌ಟೆಟ್', ಪಿಟೀಲು ಜಾತಿಯ ವಾದ್ಯಗಳನ್ನು ಇಟ್ಟು ಮಾಡಿದ್ದು. ಅದು ಆಲ್ಬಿನಿ ರೆಕಾರ್ಡ್ ಮಾಡಿದ್ದಲ್ಲ. ಬೆನ್ನಿಗೆ ಬೆನ್ನು ಎರಡನ್ನೂ ಹಾಕಿ ಕೇಳಿ. ಮಾತು ಅವೇ. ಡ್ರಮ್ಸ್ ಇದ್ದಾಗ ಜಂಬ, ಪಿಟೀಲು ಇದ್ದಾಗ ಹುಚ್ಚಿನ ಅಂಚು. ಪಿಟೀಲಿನದು ನನಗೆ ಇವತ್ತಿಗೂ ಅಷ್ಟಾಗಿ ಸೇರುವುದಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಹಾಗಾಗುತ್ತದೆ. ಅದನ್ನು ದಾಟಿಸಿಕೊಂಡು ಹೋದರೂ ತಪ್ಪಿಲ್ಲ, ಆದರೆ ಒಮ್ಮೆ ಕೇಳಿ ದಾಟಿಸಿ.

ಏಳನೆಯದು ಅಮೆರಿಕದ ಗಾಯಕ ಬಾಬ್ ಡಿಲನ್ 1965ರಲ್ಲಿ ಹಾಡಿದ್ದರ ಮರುಹಾಡು. ಕೇಳಿ, ಮುಂದೆ ಹೋಗಿ.

ಮನೆಯ ಕ್ಯಾಸೆಟ್

ಒಂದು ವಾರ ಬಿಟ್ಟು ಮುಂದಿನ ಹೆಜ್ಜೆ. ಅದೇ 1993ರ ಅಕ್ಟೋಬರ್‌ನಲ್ಲಿ 'ಫೋರ್ ಟ್ರ್ಯಾಕ್ ಡೆಮೋಸ್' ಅಂತ ಇನ್ನೊಂದು ಬಂತು. ತಂಡಕ್ಕೆ ತೋರಿಸುವ ಮೊದಲು ಹಾರ್ವಿ ಮನೆಯಲ್ಲಿ ಒಬ್ಬರೇ ಕೂತು ರೆಕಾರ್ಡ್ ಮಾಡಿಕೊಂಡವು. ಬಳಸಿದ್ದು ನಾಲ್ಕು ಟ್ರ್ಯಾಕಿನ ಮೆಷೀನು, ಅಂದರೆ ನಾಲ್ಕೇ ಪದರ. ಗಿಟಾರಿಗೆ ಒಂದು, ದನಿಗೆ ಒಂದು, ಇನ್ನೆರಡು ಉಳಿಯಿತು, ಅಷ್ಟರಲ್ಲಿ ಮುಗಿಸಬೇಕು. ಅದರ 14 ಹಾಡುಗಳಲ್ಲಿ 8 'ರಿಡ್ ಆಫ್ ಮಿ'ಯವೇ.

ಎರಡರಲ್ಲೂ ಇರುವ ಒಂದು ಹಾಡು ಆರಿಸಿಕೊಳ್ಳಿ. 'ಹುಕ್' ಆಗಬಹುದು, 'ಯೂರಿ-ಜಿ' ಆಗಬಹುದು. ಮೊದಲು ಮನೆಯದು, ಆಮೇಲೆ ಸ್ಟುಡಿಯೋದ್ದು. ತಂಡ ಇಲ್ಲದಿದ್ದಾಗಲೂ ಏರಿಳಿತ, ತಡೆ, ಏಟು ಎಲ್ಲ ಅಲ್ಲಲ್ಲೇ ಇರುತ್ತವೆ. ಸ್ಟುಡಿಯೋದಲ್ಲಿ ಹುಚ್ಚೆದ್ದು ಕೂಗಿದ್ದು ಅನಿಸಿದ ಜಾಗ, ತಿಂಗಳುಗಳ ಮೊದಲೇ ಮನೆಯ ಕೋಣೆಯಲ್ಲಿ ಒಬ್ಬಳೇ ಕೂತು ಅಳತೆ ಹಾಕಿದ ಜಾಗ. ಕೆಲವರಿಗೆ ಈ ಡೆಮೋಗಳೇ ಜಾಸ್ತಿ ಹಿಡಿಸುತ್ತವೆ. ಡ್ರಮ್ಸ್ ಇಲ್ಲದ್ದರಿಂದ ಗಂಟಲು ಮುಂದೆ ಇರುತ್ತದೆ. ನಮ್ಮ ಸಿನಿಮಾ ಕಿವಿಗೆ ಇದು ಹತ್ತಿರ. 'ರಿಡ್ ಆಫ್ ಮಿ' ಏನು ಮಾಡಿದರೂ ದಕ್ಕುತ್ತಿಲ್ಲ ಅಂದರೆ ಇದರಿಂದ ಶುರು ಮಾಡಿ, ಅಡ್ಡಿ ಇಲ್ಲ.

ದಕ್ಕದಿದ್ದರೆ

ಬಿಡಿ. ಆರು ತಿಂಗಳು ಬಿಟ್ಟು ನೋಡಿ. ನನಗೆ ಒಂದು ವರ್ಷ ಬೇಕಾಯಿತು. ಸಿಟ್ಟು ಬಂದ ದಿನವೇ ಕೇಳಬೇಕು ಅಂತಲೂ ಇಲ್ಲ. ಸಿಟ್ಟು ಬಂದಾಗ ಈ ಆಲ್ಬಮ್ ನನಗೆ ಒಂದು ಸಲವೂ ಕೆಲಸಕ್ಕೆ ಬಂದಿಲ್ಲ. ಸಮಾಧಾನವಾಗಿದ್ದಾಗ ಕೇಳಿದರೆ ಚೆನ್ನಾಗಿ ಕೇಳಿಸುತ್ತದೆ.

ಹಾರ್ವಿಯವೇ ಬೇರೆ ಆಲ್ಬಮ್‌ಗಳಿವೆ. ಆ ಮೂವರ ತಂಡ 1993ರಲ್ಲೇ ಮುರಿಯಿತು. ಆಮೇಲೆ ಪ್ರತಿ ಸಲವೂ ಬೇರೆ ದನಿ, ಬೇರೆ ವೇಷ. 'ಸ್ಟೋರೀಸ್ ಫ್ರಮ್ ದ ಸಿಟಿ, ಸ್ಟೋರೀಸ್ ಫ್ರಮ್ ದ ಸೀ' ಕಿವಿಗೆ ಹಿತವಾದದ್ದು. ಅದಕ್ಕೆ 2001ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು. 2011ರಲ್ಲಿ 'ಲೆಟ್ ಇಂಗ್ಲೆಂಡ್ ಶೇಕ್'ಗೆ ಮತ್ತೆ ಅದೇ ಪ್ರಶಸ್ತಿ. ಎರಡು ಸಲ ಅದನ್ನು ಗೆದ್ದವರು ಆಕೆಯೊಬ್ಬರೇ. ಆ ಎರಡನೆಯದು ಯುದ್ಧದ ಬಗ್ಗೆ. ಅದರಲ್ಲಿ ಕೂಗೇ ಇಲ್ಲ, ತೆಳ್ಳನೆಯ ಎತ್ತರದ ದನಿ. ಇದೇ ಗಂಟಲಾ ಅನಿಸುತ್ತದೆ.

ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಾ ಜಗಲಿ ಮೇಲೆ ಕೂತಿದ್ದರು. ನನಗೆ ಏನನಿಸಿತೋ, ಮೊದಲ ಹಾಡಿನ ಕೊನೆಯ ತುಂಡನ್ನು, ವಾದ್ಯ ನಿಂತು ದನಿ ಮಾತ್ರ ಉಳಿಯುವುದನ್ನು, ಅವರ ಕಿವಿಗೆ ಹಾಕಿದೆ. ಪುಣ್ಯಕ್ಕೆ ಇಂಗ್ಲಿಷ್ ಬರುವುದಿಲ್ಲ. ಕೈಯಲ್ಲಿ ಸುಲಿಯುತ್ತಲೇ ಕೇಳಿದರು. ಮುಗಿದ ಮೇಲೆ ಇಯರ್‌ಫೋನ್ ತೆಗೆದು ಒರೆಸಿ ಕೊಟ್ಟರು.

"ಯಾರು ಹೋಗಿದ್ದು ಇವಳಿಗೆ?"

"ಯಾರೂ ಸತ್ತಿಲ್ಲ ಚಿಕ್ಕಮ್ಮ. ಗಂಡಸು ಬಿಟ್ಟು ಹೋಗ್ತಿದಾನೆ, ಅಷ್ಟೇ."

"ಹ್ಞೂಂ. ಉಸಿರು ಚೆನ್ನಾಗಿ ಹಿಡೀತಾಳೆ ಕಣ್ಲಾ" ಅಂದರು. ಆಮೇಲೆ ಮೊರವನ್ನು ನನ್ನ ಕಡೆ ತಳ್ಳಿ, "ಸುಮ್ನೆ ಕೂತಿದೀಯಲ್ಲ, ಇದೊಂದಿಷ್ಟು ಹಿಚುಕು" ಅಂದರು.